ಅಪ್ಪನ ಬಣ್ಣ

ನನಗೆ ಕುಷ್ಠರೋಗ ಶುರುವಾದಾಗ ನಮ್ಮ ಮನೆಯವರು ಟಗರು ಕಡಿದು ಊಟ ಹಾಕಿದರು. ಕೊಂಕಿಗೆ ಹೇಳುತ್ತಿಲ್ಲ, ನಿಜವಾಗಿಯೂ ಕಡಿದರು. ಜವನಗೊಂಡನಹಳ್ಳಿ ಕಡೆಯ ನಮ್ಮವ್ವನ ತವರು ಹಟ್ಟಿಯಲ್ಲಿ, ಸೋದರಮಾವಂದಿರು ಮಂದೆಯಲ್ಲೇ ಚೆನ್ನಾಗಿ ಬೆಳೆದಿದ್ದ ಟಗರನ್ನು ಆರಿಸಿ ತಂದರು. ಬಂದವರೆಲ್ಲ ಹೊಟ್ಟೆ ತುಂಬ ಉಂಡು, ನನ್ನ ಬಲಗೈ ಹಿಡಿದು, ಮೊಣಕೈ ಕೆಳಗಿದ್ದ ಬಿಳಿ ಮಚ್ಚೆಯನ್ನು ತಿರುಗಿಸಿ ಮುರುಗಿಸಿ ನೋಡಿ ಸಂತೋಷಪಟ್ಟು ಹೋದರು. ಅಪ್ಪನ ಬಣ್ಣ ಬಂತು ಅಂತ ಅವರಿಗೆಲ್ಲ ಖುಷಿ.

ನಮ್ಮಪ್ಪ ಇಟಲಿಯವನು. ಅವನ ಹೆಸರು ಪಿಯೆತ್ರೊ. ನಮ್ಮೂರು ಮದಕರಿಪುರದವರ ಬಾಯಲ್ಲಿ ಪೇತ್ರಪ್ಪ ಆದ. ಯುದ್ಧದಲ್ಲಿ ಬಂದೂಕು ಹಿಡಿದವನಲ್ಲ, ಗಾಯಗೊಂಡವರನ್ನು ಸ್ಟ್ರೆಚರಿನ ಮೇಲೆ ಹೊತ್ತು ತರುವ ದಳದವನು. ಮೊದಲು ಅಬಿಸೀನಿಯಾಕ್ಕೆ ಕಳಿಸಿದರು, ಆಮೇಲೆ ಲಿಬಿಯಾದ ಮರಳಿಗೆ. ಅಲ್ಲಿ ಬ್ರಿಟಿಷರ ಕೈಗೆ ಸಿಕ್ಕಿಬಿದ್ದು, ಹಡಗಿನಲ್ಲಿ ಈ ದೇಶಕ್ಕೆ ಬಂದು, ಬೆಂಗಳೂರಿನ ಹೊರಗೆ ಮುಳ್ಳುತಂತಿಯೊಳಗೆ ವರ್ಷಗಟ್ಟಲೆ ಕೂತ. ಯುದ್ಧ ಮುಗಿದ ಮೇಲೆ ಜೊತೆಯವರೆಲ್ಲ ಊರಿಗೆ ಹಡಗು ಹತ್ತಿದರು. ಇವನು ಹತ್ತಲಿಲ್ಲ. ಊರಲ್ಲಿದ್ದ ತಾಯಿ ಬಾಂಬಿಗೆ ಸಿಕ್ಕಿ ಸತ್ತ ಸುದ್ದಿ ಕ್ಯಾಂಪಿಗೇ ಬಂದಿತ್ತು, ಇನ್ನು ಯಾರನ್ನು ನೋಡಲು ಹೋಗಲಿ ಅಂದನಂತೆ. ಎಂಜಿನ್ ಕೆಲಸ ಗೊತ್ತಿತ್ತು. ದುರ್ಗದ ಒಂದು ಹತ್ತಿ ಗಿರಣಿಗೆ ಫಿಟ್ಟರ್ ಆಗಿ ಬಂದ. ಅಲ್ಲಿ ಹತ್ತಿ ಆರಿಸುವ ಕೆಲಸಕ್ಕೆ ಬರುತ್ತಿದ್ದ ಕರಿಯಮ್ಮನೇ ನಮ್ಮವ್ವ.

ಕುರಿ ಕಾಯುವ ಹಟ್ಟಿಯವರು ಬಿಳಿಯನಿಗೆ ಹೆಣ್ಣು ಕೊಡಲು ಹೇಗೆ ಒಪ್ಪಿದರು ಅಂತ ಎಲ್ಲರೂ ಕೇಳುತ್ತಾರೆ. ಒಪ್ಪಲೇ ಇಲ್ಲ. ಬಹಳ ದಿನ ಮಾತು ಬಿಟ್ಟಿದ್ದರು. ಒಂದು ಹಂಗಾಮಿನಲ್ಲಿ ಅಪ್ಪ ತಾನಾಗಿಯೇ ಹೋಗಿ, ಉಣ್ಣೆ ಕತ್ತರಿಸುವವರ ಸಾಲಿನಲ್ಲಿ ಕತ್ತರಿ ಹಿಡಿದು ಕೂತ. ನಮ್ಮಜ್ಜ ನೋಡಿದ, ಏಳು ಅನ್ನಲಿಲ್ಲ. ಅದೇ ಒಪ್ಪಿಗೆ. ಅಪ್ಪ ಕನ್ನಡ ಕಲಿತದ್ದೂ ಅಲ್ಲಿಯೇ. ಮಾವನ ಎದುರು ಬಗ್ಗಿ ನಡೆಯಬೇಕಾಗಿದ್ದರಿಂದ 'ಬರ್ರಿ, ಕುಂತ್ಕಳ್ರಿ, ಉಣ್ರಿ' ಅನ್ನುವುದಷ್ಟೇ ಕಲಿತ. 'ಬಾರೋ', 'ಹೋಗೋ' ಅವನ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ. ನನಗೂ ಬರ್ರಿ, ನಾಯಿಗೂ ಬರ್ರಿ, ಕೆಟ್ಟು ನಿಂತ ಎಂಜಿನ್ನಿಗೂ 'ಏಳ್ರಿ, ಏಳ್ರಿ'. ಊರವರು ಇದನ್ನು ಹೇಳಿಕೊಂಡು ನಗುತ್ತಿದ್ದರು.

ನಗುವುದಕ್ಕೆ ಅವರಿಗೆ ಇನ್ನೊಂದು ವಿಷಯವಿತ್ತು. ನಾನು ಅಪ್ಪನ ಹಾಗೆ ಒಂದು ಚೂರೂ ಇಲ್ಲ. ಅವ್ವನಷ್ಟೇ ಕಪ್ಪು, ಅವ್ವನದೇ ಮೂಗು, ಅವ್ವನದೇ ಗುಂಗುರು ಕೂದಲು. ಸಾಲದ್ದಕ್ಕೆ ನಾನು ಹುಟ್ಟುವ ಮುಂಚೆ ಅಪ್ಪ ತನ್ನ ಕಾಗದಪತ್ರದ ಕೆಲಸಕ್ಕೆ ಬೆಂಗಳೂರಿಗೆ ಹೋದವನು ಕೆಲವು ತಿಂಗಳು ಅಲ್ಲೇ ಸಿಕ್ಕಿಕೊಂಡಿದ್ದ. ಕೆಲಸವಿಲ್ಲದ ಬಾಯಿಗಳು ಬೆರಳು ಮಡಚಿ ತಿಂಗಳು ಲೆಕ್ಕ ಹಾಕಿದವು. ಶಾಲೆಯಲ್ಲಿ ಹುಡುಗರು ನನ್ನನ್ನು 'ಸುಟ್ಟ ಇಡ್ಲಿ' ಅಂತ ಕರೆಯುತ್ತಿದ್ದರು. ಇಟ್ಲಿಯವನ ಮಗಳು, ಅದೂ ಕಪ್ಪು, ಅದಕ್ಕೆ. ಅಪ್ಪ ತನ್ನ ಸತ್ತ ತಾಯಿಯ ಹೆಸರನ್ನು ನನಗಿಟ್ಟಿದ್ದ, ರೋಜ. ಆ ಹೆಸರನ್ನು ಅಪ್ಪ ಅವ್ವ ಬಿಟ್ಟರೆ ಯಾರೂ ಕೂಗಲಿಲ್ಲ.

ಇಪ್ಪತ್ತು ದಾಟಿದ ಮೇಲೆ ಹೊಸದುರ್ಗಕ್ಕೆ ಕೊಟ್ಟರು. ನಮ್ಮ ಯಜಮಾನರು ಬಸ್ ಕಂಡಕ್ಟರ್. ಮದುವೆಯಾದ ವರ್ಷದೊಳಗೆ ಕೈಯ ಮೇಲೆ ಮಚ್ಚೆ ಕಂಡಿತು. ಮೊದಲು ಕಾಳಿನಷ್ಟಿತ್ತು, ಬರಬರುತ್ತಾ ವೀಳ್ಯದೆಲೆಯಷ್ಟು ಹರಡಿತು. ನೋವಿಲ್ಲ, ತುರಿಕೆಯಿಲ್ಲ. ತವರಿಗೆ ಹೋದಾಗ ಅವ್ವನಿಗೆ ತೋರಿಸಿದೆ. ಅವ್ವ ಕೈ ಹಿಡಿದು ಬಿಸಿಲಿಗೆ ಒಡ್ಡಿ ನೋಡಿದಳು, ತೊನ್ನಿನಷ್ಟು ಬೆಳ್ಳಗಿಲ್ಲ, ನಸುಗೆಂಪು ಇದೆ ಅಂದುಕೊಂಡಳು. ಆಮೇಲೆ ಅಪ್ಪನನ್ನು ಕೂಗಿ, ಅವನ ಅಂಗಿಯ ತೋಳು ಮೇಲೆ ಸರಿಸಿ, ಬಿಸಿಲು ತಾಗದ ಅವನ ರಟ್ಟೆಯ ಪಕ್ಕ ನನ್ನ ಕೈ ಇಟ್ಟಳು.

"ನೋಡು ಪೇತ್ರಣ್ಣ," ಅಂದಳು. ಅವಳು ಗಂಡನನ್ನು ಕರೆಯುತ್ತಿದ್ದುದೇ ಹಾಗೆ, ಗಿರಣಿಯ ಕಾಲದಿಂದ. "ನಿನ್ ಬಣ್ಣ ಈಗ ಎದ್ದೈತೆ. ಇಷ್ಟು ವರ್ಷ ಒಳಗೆ ಇಟ್ಕಂಡಿದ್ಲು."

ಅಪ್ಪ ಎರಡೂ ಕೈಗಳನ್ನು ನೋಡಿದ. ಆಮೇಲೆ ನನ್ನ ಕೈಗೆ ಹಣೆ ಒತ್ತಿಕೊಂಡು ಅತ್ತ. ನಾನು ಹುಟ್ಟಿದಾಗಿನಿಂದ ಅವನು ಅತ್ತದ್ದನ್ನು ನೋಡಿರಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಮನಸ್ಸಿನಲ್ಲೇ ಆ ಮಚ್ಚೆಗೆ ಕೈ ಮುಗಿದೆ.

ಮಾರನೆಯ ದಿನ ಅಪ್ಪ ನನ್ನನ್ನು ಮದಕರಿಪುರದ ಬೀದಿಯಲ್ಲಿ ಮೆರವಣಿಗೆ ಮಾಡಿದ ಅಂತಲೇ ಹೇಳಬೇಕು. ಟೀ ಅಂಗಡಿ, ಹಿಟ್ಟಿನ ಗಿರಣಿ, ಪಂಚಾಯ್ತಿ ಕಟ್ಟೆ. "ನೋಡ್ರಿ, ನಮ್ ರೋಜಮ್ಮನ ಕೈ ನೋಡ್ರಿ." ಬೆರಳು ಮಡಚಿ ಲೆಕ್ಕ ಹಾಕಿದ್ದ ಮುದುಕಿಯೊಬ್ಬಳು ಕಣ್ಣು ಕಿರಿದು ಮಾಡಿ ನೋಡಿ, "ಹೌದವ್ವ, ದೊರೆ ಬಣ್ಣವೇ," ಅಂದಳು. ಅವ್ವ ಆ ದಿನ ತಲೆಯ ಮೇಲಿನ ಸೆರಗು ಜಾರಿದರೂ ಸರಿಮಾಡಿಕೊಳ್ಳದೆ ನಡೆದಳು. ವಾರದಲ್ಲಿ ಟಗರು ಕಡಿದದ್ದು ಹೀಗೆ.

ಇದನ್ನು ಓದುವವರಲ್ಲಿ ಯಾರ ಮೈಮೇಲಾದರೂ ಇಂಥದೊಂದು ಮಚ್ಚೆ ಇದ್ದರೆ ಅದರ ಅರ್ಥ ಹುಡುಕಬೇಡಿ, ಗುಂಡುಸೂಜಿ ಹುಡುಕಿ. ಚುಚ್ಚಿದ್ದು ಗೊತ್ತಾಗದಿದ್ದರೆ ಆವತ್ತೇ ಆಸ್ಪತ್ರೆಗೆ ಹೋಗಿ. ನಮ್ಮ ಮನೆಯಲ್ಲಿ ಅಷ್ಟು ಜನರಿದ್ದು ಯಾರೂ ಚುಚ್ಚಿ ನೋಡಲಿಲ್ಲ.

ಚಿಕ್ಕಂದಿನಲ್ಲಿ ಅಪ್ಪ ಯುದ್ಧದ ಕಥೆ ಹೇಳುತ್ತಿದ್ದುದು ಬಹಳ ಕಡಿಮೆ. ಹೇಳಿದ ಒಂದೆರಡರಲ್ಲಿ ನನಗೆ ಇಷ್ಟವಾದದ್ದು ಅಬಿಸೀನಿಯಾದ ಒಬ್ಬ ಮನುಷ್ಯನ ಕಥೆ. ಆತ ಒಲೆಯಿಂದ ನಿಗಿನಿಗಿ ಕೆಂಡವನ್ನು ಬರಿಗೈಯಲ್ಲಿ ಎತ್ತಿ ತಂದು ಸಿಪಾಯಿಗಳ ಸಿಗರೇಟು ಹಚ್ಚಿಕೊಡುತ್ತಿದ್ದನಂತೆ, ನಗುನಗುತ್ತಾ. ನಾನು ಅವನು ಮಂತ್ರವಾದಿ ಅಂದುಕೊಂಡಿದ್ದೆ. ಇನ್ನೊಂದು ಸಲ ಹೇಳು ಅಂತ ಕಾಡುತ್ತಿದ್ದೆ.

ಟಗರಿನ ಊಟವಾಗಿ ಕೆಲವು ತಿಂಗಳಾಗಿತ್ತು. ದೀಪಾವಳಿಗೆ ತವರಿಗೆ ಬಂದಿದ್ದೆ. ಮುದ್ದೆ ತಿರುವುತ್ತಾ ಕೂತಿದ್ದೆ, ಅಪ್ಪ ಎದುರಿಗೆ ಚಾಪೆಯ ಮೇಲೆ ಕೂತು ಮಾತಾಡುತ್ತಿದ್ದ. ಏನೋ ಸೀದ ವಾಸನೆ ಬಂತು. ಹಿಟ್ಟು ತಳ ಹತ್ತಿತು ಅಂದುಕೊಂಡು ಬಗ್ಗಿ ನೋಡಿದೆ. ನನ್ನ ಬಲಗೈಯ ಕಿರುಬೆರಳ ಕಡೆಯ ಅಂಚು ಪಾತ್ರೆಯ ಕಂಠಕ್ಕೆ ಒತ್ತಿಕೊಂಡಿತ್ತು. ಕೈ ತೆಗೆದೆ. ಚರ್ಮ ಪಾತ್ರೆಗೇ ಅಂಟಿಕೊಂಡು ಉಳಿಯಿತು. ನನಗೆ ಏನೂ ಆಗಲಿಲ್ಲ. ನಗು ಬಂದುಬಿಟ್ಟಿತು.

"ನೋಡಪ್ಪ, ನಿನ್ ಕೆಂಡದ ಮನುಷ್ಯ ನಾನೇ," ಅಂದೆ.

ಅಪ್ಪ ನಗಲಿಲ್ಲ. ನನ್ನ ಕೈಯನ್ನು ನೋಡಿದ, ಆಮೇಲೆ ಮಚ್ಚೆಯನ್ನು ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ. "ಬೆಣ್ಣೆ ಹಚ್ಕಳ್ರಿ," ಅಂದು ಎದ್ದು ಹೊರಗೆ ಹೋದ. ಅಷ್ಟೇ ಅವನು ಅಂದದ್ದು.

ಹೊಸದುರ್ಗಕ್ಕೆ ವಾಪಸ್ಸು ಹೋದೆ. ಗಾಯ ನಿಧಾನಕ್ಕೆ ಮಾಯಿತು, ಬೆರಳು ನಿಧಾನಕ್ಕೆ ಬಾಗಿತು. ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು. ಅನ್ನ ಕಲಸಿದರೆ ಆ ಎರಡು ಬೆರಳ ಸಂದಿಯಿಂದ ಜಾರುತ್ತಿತ್ತು. ನಮ್ಮತ್ತೆ ಒಂದು ದಿನ ನನ್ನ ತಟ್ಟೆಯನ್ನು ಬೇರೆ ಇಟ್ಟಳು. ಯಾಕೆ ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನಮ್ಮ ಕಡೆ ಈ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡರೋಗ ಅನ್ನುತ್ತಾರೆ. ಅದೇ ಮಾತು ಅಡಿಗೆಮನೆಯಿಂದ ಪಿಸುಪಿಸು ಕೇಳಿಸಿತು. ಊರಿನ ಡಾಕ್ಟರು ನೋಡಿ, ದುರ್ಗಕ್ಕೆ ಕರೆದುಕೊಂಡು ಹೋಗಿ ಅಂದರು.

ಯಜಮಾನರು ಕರೆದುಕೊಂಡು ಹೋದ ಕ್ಲಿನಿಕ್ಕು ಚಂದ್ರವಳ್ಳಿಗೆ ಹೋಗುವ ದಾರಿಯಲ್ಲಿತ್ತು. ವಾರಕ್ಕೊಂದು ದಿನ ನಡೆಯುತ್ತಿತ್ತು. ಬೋರ್ಡಿನ ಮೇಲೆ ಚರ್ಮರೋಗ ಅಂತಷ್ಟೇ ಬರೆದಿದ್ದರು. ಗುಹೆ ನೋಡಲು ಬುತ್ತಿ ಕಟ್ಟಿಕೊಂಡು ಹೋಗುವ ಸಂಸಾರಗಳು ನಮ್ಮ ಸಾಲನ್ನು ಕಂಡು ಮಕ್ಕಳನ್ನು ರಸ್ತೆಯ ಆಚೆ ಬದಿಗೆ ಎಳೆದುಕೊಂಡು ಹೋಗುತ್ತಿದ್ದವು. ಚೀಟಿ ಬರೆಯುವ ಸಿಸ್ಟರು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಪೇಷಂಟು ನಿಮಗೆ ಏನಾಗಬೇಕು?"

ನಮಗಿಂತ ಮುಂದೆ ನಿಂತಿದ್ದ ಒಬ್ಬ ಗಂಡಸು ಹಲ್ಲಿಲ್ಲದ ಮುದುಕಿಯನ್ನು ಕೈ ಹಿಡಿದು ಕರೆತಂದಿದ್ದ. ಇಬ್ಬರದೂ ಒಂದೇ ಮುಖ. "ಪಕ್ಕದ ಮನೆಯೋರು," ಅಂದ. ಅವನ ಹಿಂದಿನವಳು, ತನ್ನ ಸೆರಗಿನಿಂದಲೇ ರೋಗಿಯ ಮೂಗು ಒರೆಸುತ್ತಿದ್ದವಳು, "ಗೊತ್ತಿರೋರು ಸಿಸ್ಟರ್," ಅಂದಳು. ನನಗೆ ಒಳಗೊಳಗೇ ಅವರ ಮೇಲೆ ಸಿಟ್ಟು ಬರುತ್ತಿತ್ತು. ನಮ್ಮ ಸರದಿ ಬಂತು.

"ಪೇಷಂಟು ನಿಮಗೆ ಏನಾಗಬೇಕು?"

"ನಮ್ಮೂರೋರು," ಅಂದರು ನಮ್ಮ ಯಜಮಾನರು.

ಆಮೇಲೆ ಬಸ್ಸಿನ ಡ್ಯೂಟಿ ಐತೆ, ನಿಮ್ಮಪ್ಪಗೆ ಹೇಳಿ ಕಳಿಸ್ತೀನಿ ಅಂದು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಹೋದರು. ಹೇಳಿ ಕಳಿಸಿದರು, ಅಷ್ಟರ ಮಟ್ಟಿಗೆ ಒಳ್ಳೆಯವರು. ಆದರೆ ವಾಪಸ್ಸು ಬರಲಿಲ್ಲ. ಆವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ನನ್ನ ಸೀರೆಗಳನ್ನು ಮಾತ್ರ ಯಾರದೋ ಕೈಯಲ್ಲಿ ಗಂಟು ಕಟ್ಟಿ ಕಳಿಸಿದರು. ಒಗೆಯದೆ ಕಳಿಸಿದ್ದರು, ಮುಟ್ಟಲು ಹೆದರಿಕೊಂಡಿರಬೇಕು.

ಬೆಂಚಿನ ಮೇಲೆ ನನ್ನ ಪಕ್ಕ ಹೊಳಲ್ಕೆರೆಯ ಒಬ್ಬ ಹೆಂಗಸು ಕೂತಿದ್ದಳು. ಅವಳ ಎರಡೂ ಕೈಯಲ್ಲಿ ಬೆರಳು ಅರ್ಧರ್ಧ ಇದ್ದವು. ಆ ಕೈಯಲ್ಲೇ ಎಲೆಗೆ ಸುಣ್ಣ ಸವರಿ, ಮಡಚಿ, ನನ್ನ ಕಡೆ ಚಾಚಿದಳು. "ಹಾಕ್ಕಳವ್ವ. ಇಲ್ಲಿ ಯಾರೂ ಯಾರಿಗೂ ಏನೂ ಆಗಲ್ಲ. ಎಲ್ರೂ ಪಕ್ಕದ ಮನೆಯೋರೇಯ." ನಾನು ಎಲೆ ಬಾಯಿಗೆ ಹಾಕಿಕೊಂಡೆ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಅವಳು ಸುಮ್ಮನೆ ನನ್ನ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ಕೂತಳು. ರೋಗ ಅಂತ ಗೊತ್ತಾದ ಮೇಲೆ ನನ್ನನ್ನು ಹೆದರದೆ ಮುಟ್ಟಿದ ಮೊದಲ ಕೈ ಅದು.

ಅಪ್ಪ ಗಿರಣಿಯಿಂದ ಹಾಗೇ ಓಡಿ ಬಂದಿದ್ದ, ಕೈಯೆಲ್ಲ ಎಣ್ಣೆ, ಕೂದಲಲ್ಲಿ ಹತ್ತಿಯ ಎಳೆ. ಸಾಲಿನಲ್ಲಿದ್ದವರೆಲ್ಲ ಬಿಳಿ ಮನುಷ್ಯನನ್ನು ಕಂಡು ಡಾಕ್ಟರೆಂದು ತಿಳಿದು ಎದ್ದು ನಿಂತರು. ಸಿಸ್ಟರು ಕೂಡ ಕುರ್ಚಿ ಬಿಟ್ಟು ಎದ್ದರು. ಆಮೇಲೆ ಸಂಗತಿ ತಿಳಿದು, ಪೇಷಂಟು ನಿಮಗೆ ಏನಾಗಬೇಕು ಅಂತ ಕೇಳಿದರು.

"ನನ್ ಮಗಳು ಐತ್ರಿ," ಅಂದ ಅಪ್ಪ, ಹಜಾರದ ಆ ತುದಿಗೂ ಕೇಳುವ ಹಾಗೆ.

ಎಲ್ಲರೂ ತಿರುಗಿ ನೋಡಿದರು. ಆ ಹಜಾರದಲ್ಲಿ ಆವತ್ತು ನಿಜ ಸಂಬಂಧ ಹೇಳಿದವನು ಅವನೊಬ್ಬನೇ. ನನ್ನ ಎದೆ ತುಂಬಿ ಬಂತು. ಹಾಗೆ ತುಂಬಿಬಂದದ್ದು ಒಳಗಿನ ಕೋಣೆಗೆ ಹೋಗುವವರೆಗೆ ಮಾತ್ರ ಉಳಿಯಿತು.

ಒಳಗೆ ವಯಸ್ಸಾದ ಡಾಕ್ಟರಿದ್ದರು. ನನಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯಿಂದ ಮುಟ್ಟುತ್ತೀನಿ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸು ಅಂದರು. ಕಣ್ಣು ಮುಚ್ಚಿ ಕಾದೆ. ಅವರು ಮುಟ್ಟುತ್ತಲೇ ಇಲ್ಲವಲ್ಲ ಅಂದುಕೊಂಡೆ. ಡಾಕ್ಟರು ಸೂಜಿ ಕೈಗೆ ತೆಗೆದುಕೊಂಡಿರಬೇಕು, ಆಗ ಅಪ್ಪನ ದನಿ ಕೇಳಿತು.

"ಸೂಜಿ ಬೇಡ್ರಿ ಡಾಕ್ಟರೇ. ಗೊತ್ತಾಗಲ್ಲ ಅವಳಿಗೆ. ನಾನು ನೋಡೀನಿ, ಅಬಿಸೀನಿಯಾದಾಗೆ, ಆ ಕೆಂಡದ ಮನುಷ್ಯನ ಕೈಯಾಗೆ. ನಮ್ ಡಾಕ್ಟರಿಗೆ ಈ ಹತ್ತಿ ಹಿಡ್ಕಂಡು ನಿಂತಿದ್ದೆ ನಾನು."

ಡಾಕ್ಟರು ನನ್ನ ಮೊಣಕೈ ಹಿಂದಿನ ನರವನ್ನು ಒತ್ತಿ ನೋಡುತ್ತಿದ್ದವರು ಕೈ ಬಿಟ್ಟರು. "ನಿಮಗೆ ಇದು ಗೊತ್ತಿತ್ತಾ? ಯಾವಾಗಿನಿಂದ?"

"ಕೈ ಸುಟ್ಕಂಡ ದಿನದಿಂದ."

"ಆಗಲೇ ಬಂದಿದ್ರೆ ಈ ಬೆರಳು ನೆಟ್ಟಗಿರ್ತಿದ್ವಲ್ರಿ." ಅವರು ಗದರಿಸಿ ಹೇಳಲಿಲ್ಲ. ಗದರಿಸಿದ್ದರೆ ನನಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆವು. ನಾನು ಕೇಳಿದೆ. ನೇರವಾಗಿ ಕೇಳಿದೆ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಂತ. ಅಪ್ಪ ಬಹಳ ಹೊತ್ತು ಕೈಯ ಎಣ್ಣೆಯನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ಹೇಳಿದ. ಊರವರ ಮಾತು ಅವನ ಕಿವಿಗೂ ಬಿದ್ದಿತ್ತು. ಇಲ್ಲ ಇಲ್ಲ ಅಂದುಕೊಂಡೇ ಅನುಮಾನವನ್ನು ಇಪ್ಪತ್ತು ವರ್ಷ ಒಳಗೆ ಇಟ್ಟುಕೊಂಡಿದ್ದ. ಮಚ್ಚೆ ಬಂದ ದಿನ ಆ ಅನುಮಾನ ಹೋಯಿತು. ಕೈ ಸುಟ್ಟ ದಿನ, ಅದು ರೋಗ ಅಂದರೆ ಅನುಮಾನ ವಾಪಸ್ಸು ಬರುತ್ತದೆ ಅಂತ ಹೆದರಿದ.

"ಬಣ್ಣ ಇರ್ಲಿ ಅಂತ ಆಸೆ ಆತು ರೋಜಮ್ಮ," ಅಂದ. "ಸ್ವಲ್ಪ ದಿನ ಇರ್ಲಿ ಅಂತ."

ನನಗೆ ದೊಡ್ಡರೋಗ ಬಂದದ್ದು ನನ್ನನ್ನು ಅಷ್ಟು ಸುಡಲಿಲ್ಲ, ಈ ಮಾತು ಸುಟ್ಟಿತು. ಸುಟ್ಟ ಇಡ್ಲಿ ಅಂದ ಹುಡುಗರು ಹಾಳಾಗಿ ಹೋಗಲಿ. ನನ್ನನ್ನು ಹೆಗಲ ಮೇಲೆ ಹೊತ್ತು ಗಿರಣಿ ತೋರಿಸಿದವನು, ತನ್ನ ತಾಯಿಯ ಹೆಸರಿಟ್ಟವನು, ಅವನೂ ಒಳಗೆ ಕೂತು ತಿಂಗಳು ಲೆಕ್ಕ ಹಾಕುತ್ತಿದ್ದ. ಸ್ವಲ್ಪ ದಿನ ಮಗಳು ಬೇಕು ಅಂತ ನನ್ನ ಎರಡು ಬೆರಳು ತಿಂದ.

ಮನೆಗೆ ಬಂದು ನಾನೇ ಅವ್ವನಿಗೆ ಹೇಳಿದೆ, ರೋಗದ್ದೂ ಅಪ್ಪನ ಅನುಮಾನದ್ದೂ. ಅವ್ವ ಕೂಗಾಡಲಿಲ್ಲ. ರೋಗದ ಮಾತನ್ನು ಕಿವಿ ಮೇಲೆ ಹಾಕಿಕೊಂಡಳು, ಮಾತ್ರೆ ನುಂಗಿದರೆ ಹೋಗುತ್ತಂತೆ ಅಂದದ್ದಕ್ಕೆ ಸರಿ ಅಂದಳು. ಆಮೇಲೆ ಅಪ್ಪನ ಮುಂದೆ ಹೋಗಿ ನಿಂತಳು.

"ಇಷ್ಟು ವರ್ಷ ನನ್ ಕೈಯಾಗಿನ ಮುದ್ದೆ ಉಂಡೆ. ಅವಾಗೆಲ್ಲ ಇದೇ ಇತ್ತಾ ನಿನ್ ಮನಸ್ಸಿನಾಗೆ?"

ಅವ್ವ ಆಮೇಲೂ ಅವನಿಗೆ ಅಡಿಗೆ ಮಾಡಿ ಬಡಿಸಿದಳು, ಬಟ್ಟೆ ಒಗೆದಳು. ಪೇತ್ರಣ್ಣ ಅಂತ ಮಾತ್ರ ಮತ್ತೆ ಕರೆಯಲಿಲ್ಲ. ಕರೆಯಬೇಕಾದಾಗ ಬಾಗಿಲು ತಟ್ಟುತ್ತಿದ್ದಳು.

ಮಾತ್ರೆ ವರ್ಷಗಟ್ಟಲೆ ನುಂಗಬೇಕಾಗಿತ್ತು. ಪ್ರತಿ ಸಲ ಅಪ್ಪ ನನ್ನ ಜೊತೆ ಬಂದ. ನಾನು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂರುತ್ತಿದ್ದೆ. ಅವನು ಹೋಗಾಣ ರೋಜಮ್ಮ, ಇಳಿಯಾಣ ರೋಜಮ್ಮ ಅನ್ನುತ್ತಿದ್ದ, ನಾನು ಇಳಿಯುತ್ತಿದ್ದೆ. ಸಿಸ್ಟರು ಕೇಳದಿದ್ದರೂ "ನನ್ ಮಗಳು ಐತ್ರಿ" ಅಂತ ಪ್ರತಿ ಸಲ ಹೇಳುತ್ತಿದ್ದ. ಸಿಸ್ಟರು ನಕ್ಕು, ಗೊತ್ತೈತಿ ಯಜಮಾನ್ರೇ, ಕುಂತ್ಕಳ್ರಿ ಅನ್ನುತ್ತಿದ್ದರು. ಹೊಳಲ್ಕೆರೆಯವಳು ನನಗೆ ಜಾಗ ಹಿಡಿದಿರುತ್ತಿದ್ದಳು. ಒಂದು ವಾರ ಅವಳು ಬರಲಿಲ್ಲ, ಆಮೇಲೆ ಬರಲೇ ಇಲ್ಲ. ವಿಚಾರಿಸಲು ಅವಳಿಗೆ ಯಾರೂ ಏನೂ ಆಗುತ್ತಿರಲಿಲ್ಲ. ಎಲೆ ಅಡಿಕೆ ಕಂಡಾಗಲೆಲ್ಲ ಅವಳ ನೆನಪಾಗುತ್ತದೆ.

ಮಚ್ಚೆ ಅಂಚಿನಿಂದ ಒಳಗೆ ಮುಚ್ಚುತ್ತಾ ಬಂತು. ಒಂದು ದಿನ ಡಾಕ್ಟರು ಕನ್ನಡಕ ಏರಿಸಿ ನೋಡಿ, ಭೇಷ್, ನಿನ್ನ ಬಣ್ಣ ನಿನಗೆ ವಾಪಸ್ಸು ಬಂತಮ್ಮ, ಇನ್ನು ಮಾತ್ರೆ ಬೇಡ ಅಂದರು. ಬಣ್ಣ ಬಂತು, ಸ್ಪರ್ಶ ಬರಲಿಲ್ಲ, ಬೆರಳು ನೆಟ್ಟಗಾಗಲಿಲ್ಲ. ಮದಕರಿಪುರದ ಆ ಮುದುಕಿ ನನ್ನ ಕೈ ನೋಡಿ, "ದೊರೆ ಬಣ್ಣ ನಿಲ್ಲಲಿಲ್ಲ ನೋಡು," ಅಂದಳು. ಅವಳ ಲೆಕ್ಕ ಮತ್ತೆ ಶುರುವಾಯಿತು. ನನ್ನ ರೋಗ ವಾಸಿಯಾಗಿ ಊರಿಗೆ ಆದ ಲಾಭ ಇಷ್ಟೇ.

ಮಾತ್ರೆ ನಿಂತ ಕೆಲವು ವರ್ಷಕ್ಕೆ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗಡೆ ಪೂರ್ತಿ ಬಿದ್ದುಹೋಯಿತು, ಮಾತು ತೊದಲಿತು. ಆಸ್ಪತ್ರೆಗೆ ಸೇರಿಸಿ ಮಂಚದ ಪಕ್ಕ ನಿಂತಿದ್ದೆ. ಅವ್ವ ಹೊರಗೆ ಜಗುಲಿಯಲ್ಲಿ ಕೂತಿದ್ದಳು. ಹೊಸದಾಗಿ ಬಂದ ನರ್ಸಮ್ಮ ಒಬ್ಬರು ಮಂಚದ ಮೇಲಿನ ಬಿಳಿ ಮುದುಕನನ್ನು ನೋಡಿದರು, ನನ್ನನ್ನು ನೋಡಿದರು.

"ಇವರು ನಿಮಗೆ ಏನಾಗಬೇಕು?"

ಅಪ್ಪ ಕಣ್ಣು ಬಿಟ್ಟಿದ್ದ. ಕೇಳಿಸಿಕೊಂಡಿದ್ದ. ನನ್ನ ಬಾಯನ್ನೇ ನೋಡುತ್ತಿದ್ದ.

"ಅಪ್ಪ," ಅಂದೆ.

ನರ್ಸಮ್ಮ ನಕ್ಕರು. "ಸಾಕಿದೋರಾ? ರಕ್ತ ಸಂಬಂಧದೋರು ಯಾರಾದ್ರೂ ಇದಾರಾ, ಕರೀರಿ."

ನಾನು ಯೋಚನೆಯನ್ನೇ ಮಾಡದೆ ಬಲಗೈಯನ್ನು ಮುಂದೆ ಚಾಚಿದೆ. ಮಚ್ಚೆ ತೋರಿಸಿ ತೋರಿಸಿ ಅಭ್ಯಾಸವಾಗಿಬಿಟ್ಟಿತ್ತು. ಚಾಚಿದ ಮೇಲೆ ನೋಡಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದೇ ಬಣ್ಣ, ಅವ್ವನ ಬಣ್ಣ. ತೋರಿಸಲು ಏನೂ ಇರಲಿಲ್ಲ.

ಆಗ ಅಪ್ಪ ತನ್ನ ನೆಟ್ಟಗಿದ್ದ ಒಂದು ಕೈ ಎತ್ತಿ ನನ್ನ ಕೈಯನ್ನು ಎಳೆದುಕೊಂಡ. ಬಾಗಿದ ಎರಡು ಬೆರಳನ್ನು ಮುಷ್ಟಿಯಲ್ಲಿ ಹಿಡಿದು ನರ್ಸಮ್ಮನ ಕಡೆ ಎತ್ತಿ ತೋರಿಸಿದ.

"ಇದು ನಾನು ಮಾಡಿದ್ದು ಐತ್ರಿ," ಅಂದ, ತೊದಲುತ್ತಾ. "ನನ್ ಮಗಳು ಐತ್ರಿ."

ನರ್ಸಮ್ಮನಿಗೆ ಅರ್ಥವಾಗಲಿಲ್ಲ, ಪಾಪ. ನನಗೆ ಆಯಿತು. ನಾನು ಅವನನ್ನು ಕ್ಷಮಿಸಿರಲಿಲ್ಲ, ಈಗಲೂ ಕ್ಷಮಿಸಿದ್ದೇನೆ ಅಂತ ಹೇಳಲಾರೆ. ಆದರೂ ಕೈ ಬಿಡಿಸಿಕೊಳ್ಳಲಿಲ್ಲ. ಅಪ್ಪ ಬಲವಾಗಿಯೇ ಹಿಡಿದಿದ್ದ ಅಂತ ಕಾಣುತ್ತದೆ, ಅವನ ಗೆಣ್ಣು ಬಿಳಿಚಿಕೊಂಡಿದ್ದವು. ಆದರೆ ಅವನು ಹಿಡಿದುಕೊಂಡದ್ದು ಆ ಎರಡು ಬೆರಳನ್ನು. ಅವನ ಹಿಡಿತ ನನಗೆ ಗೊತ್ತಾಗಲೇ ಇಲ್ಲ.